ಕಳಿಸಿದವಳು

ಮೇಲೂರು
9 ಜೂನ್ 2024

ಲಾವಣ್ಯಾ,

ಪುಸ್ತಕ ಕಳಿಸಿದ್ದೇನೆ. ಹಸಿರು ರಟ್ಟಿನದು. ಹೆಸರು ಕೇಳಬೇಡ, ಪುಸ್ತಕದ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ ಅಂತ ನಿನಗೆ ಗೊತ್ತು. ಮೀಟಿಂಗ್‌ಗೆ ಅಂತ ಶಿಡ್ಲಘಟ್ಟಕ್ಕೆ ಹೋದವಳು ಬಸ್ ಸ್ಟ್ಯಾಂಡಿನಲ್ಲಿ ಬಯ್ಯಪ್ಪನ ಕೈಗೆ ಕೊಟ್ಟೆ. ಕೆಂಚಾರ್ಲಹಳ್ಳಿಯವನು, ಚಿಂತಾಮಣಿ–ಗೌರಿಬಿದನೂರು ಬಸ್ಸಿನ ಕಂಡಕ್ಟರು. "ಏನಕ್ಕಾ ಒಳ್ಗೆ, ಚಕ್ಲಿನಾ?" ಅಂದ. "ಪುಸ್ತಕ ಕಣಪ್ಪಾ" ಅಂದರೆ ನನ್ನ ಮುಖವನ್ನೇ ನೋಡಿದ. ಅಂಗನವಾಡಿ ಟೀಚರಮ್ಮ ಕಾದಂಬರಿ ಓದುತ್ತಾಳೆ ಅಂದರೆ ಅವನಿಗೆ ನಗು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನೂ ನೀನೂ "ಊಟ ಆಯ್ತಾ" ದಾಟಿ ಮುಂದಕ್ಕೆ ಹೋಗುವುದೇ ಇಲ್ಲ. ನಿನ್ನ ಹಿಂದೆ ಪಾತ್ರೆ ಸದ್ದು ಕೇಳಿಸುತ್ತದೆ, ಆ ಮನೆಯ ಅತ್ತೆ ಪಕ್ಕದಲ್ಲೇ ಇದ್ದಾರೆ ಅಂತ ಗೊತ್ತಾಗುತ್ತದೆ, ನಾನು "ಸರಿ, ಇಡ್ಲಾ" ಅನ್ನುತ್ತೇನೆ. ನೀನು ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಯಿತು. ಸತ್ತ ಮಗನ ಹೆಂಡತಿಗೆ ತಾನೇ ಮುಂದೆ ನಿಂತು ಇನ್ನೊಂದು ಮದುವೆ ಮಾಡಿದಳು ಅಂತ ಊರಲ್ಲಿ ಅರ್ಧ ಜನ ಹೊಗಳಿದರು, ಅರ್ಧ ಜನ ಉಗಿದರು. ಈಗ ಎರಡೂ ನಿಂತಿದೆ. ಆದರೆ ಸಂಜೆ ಹೊತ್ತು ಓದಿದ್ದನ್ನು ಯಾರಿಗೆ ಹೇಳಲಿ ಹೇಳು? ನಿಮ್ಮ ಮಾವ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ "ಹೂಂ, ಹೂಂ" ಅನ್ನುತ್ತಾರೆ. ಕಥೆಯಲ್ಲಿ ಯಾರಾದರೂ ಸತ್ತರೂ ಹೂಂ, ಹುಟ್ಟಿದರೂ ಹೂಂ.

ಈ ಹಸಿರು ಪುಸ್ತಕದಲ್ಲಿ ಗಂಡ ಯುದ್ಧಕ್ಕೆ ಹೋಗುತ್ತಾನೆ. ಹೆಂಡತಿ ಮುದುಕಿಯಾಗುವ ತನಕ ಕಿಟಕಿ ಪಕ್ಕ ಕೂತು ಕಾಯುತ್ತಾಳೆ. ಅಲ್ಲ ಕಣೇ, ಅಷ್ಟು ವರ್ಷ ಅವಳು ಏನು ತಿಂದಳು? ನಲ್ಲಿಯಲ್ಲಿ ನೀರು ಬಂದಾಗ ಯಾರು ಹಿಡಿದರು? ಬರೀ ಕಾದಳಂತೆ! ಬೈದುಕೊಂಡೇ ಓದಿದೆ. ಆದರೂ ಅವನ ಹಳೇ ಚಪ್ಪಲಿಯನ್ನು ಅವಳು ಒರೆಸಿ ಇಡುತ್ತಾಳಲ್ಲ, ಅಲ್ಲಿ ಕಣ್ಣು ತುಂಬಿ ಬಂತು. ಪುಸ್ತಕ ಮುಚ್ಚಿ ಒಲೆ ಹಚ್ಚಿದೆ.

ಕೊನೇ ಪುಟ ಮೊದಲು ಓದಿದೆ ಅಂತ ಬೈಯಬೇಡ. ವೇಣು ಹೋದ ಮೇಲೆ, ಯಾರು ಸಾಯುತ್ತಾರೆ ಅಂತ ಮೊದಲೇ ಗೊತ್ತಿಲ್ಲದ ಕಥೆಯೊಳಕ್ಕೆ ಕಾಲಿಡಲು ನನಗೆ ಭಯ.

ಓದಿ ಬೇಗ ವಾಪಸ್ ಕಳಿಸು. ಲೈಬ್ರರಿಯವನು ಗೊಣಗುತ್ತಾನೆ.

ಗಂಗುಲಮ್ಮ


ಗೌರಿಬಿದನೂರು
23 ಜೂನ್ 2024

ಅತ್ತೆ,

ಪುಸ್ತಕ ಬಂತು. ಬಯ್ಯಪ್ಪ ಬಸ್ಸಿನಿಂದ ಇಳಿಯದೆ "ಮೇಲೂರು ಚಕ್ಲಿ" ಅಂತ ಕೂಗಿ ಕೊಟ್ಟ. ಸುತ್ತಲಿದ್ದವರೆಲ್ಲ ನೋಡಿದರು.

ಅಲೀಪುರದ ಶಾಲೆಯಿಂದ ಬರುವಷ್ಟರಲ್ಲಿ ನಾಲ್ಕೂವರೆ ಆಗುತ್ತದೆ. ಆಮೇಲೆ ಹಿತ್ತಿಲ ಬಾಗಿಲಲ್ಲಿ ಕೂತು ಓದುತ್ತೇನೆ. ಇಲ್ಲಿನ ಅತ್ತೆಗೆ ಓದು ಬರುವುದಿಲ್ಲ. ಹುಣಸೆಹಣ್ಣು ಬಿಡಿಸುತ್ತಾ ಅವರು ಒಂದು ದಿನ, "ಏಮಮ್ಮಾ, ಒಬ್ಳೇ ನಗ್ತೀಯ? ಗಟ್ಟಿಯಾಗಿ ಓದು, ನಾನೂ ನಗ್ತೀನಿ" ಅಂದರು. ಓದಿದೆ. ಮೊದಲು ಗೋಡೆ ಕಡೆ ತಿರುಗಿ ಕೂತಿದ್ದರು, ಮಾರನೇ ದಿನ ನನ್ನ ಕಡೆ ತಿರುಗಿದರು. ಮೂರನೇ ದಿನ ನಾನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ "ಬಂದ್ನಾ ಅವಳ ಗಂಡ?" ಅಂತ ಕೇಳಿದರು. ಕೊನೆಗೆ ಏನಂದರು ಗೊತ್ತಾ? "ಅವಳಿಗೆ ಒಂದು ಹಸು ಇರ್ಲಿಲ್ವಾ? ಹಸು ಕಟ್ಕೊಂಡಿದ್ರೆ ಕಾಯೋಕೆ ಪುರುಸೊತ್ತೆಲ್ಲಿ ಸಿಕ್ತಿತ್ತು?" ನಿಮ್ಮ ಕಾಗದ ನೆನಪಾಗಿ ನಕ್ಕುಬಿಟ್ಟೆ. ಯಾಕೆ ನಕ್ಕೆ ಅಂತ ಹೇಳಲಿಲ್ಲ.

ನಾನು ಚೆನ್ನಾಗಿದ್ದೇನೆ. ಮಧು ಕರೆಂಟ್ ಆಫೀಸಿನಿಂದ ಬಂದವರು ನನಗೂ ಸೇರಿಸಿ ಟೀ ಮಾಡುತ್ತಾರೆ, ಸಕ್ಕರೆ ಜಾಸ್ತಿ ಹಾಕುತ್ತಾರೆ. ಯಾರೂ ಒಂದು ಮಾತು ಅಂದಿಲ್ಲ. ಆದರೆ ಇಲ್ಲಿ ನಾನು "ಅತ್ತೆ" ಅಂತ ಕರೆದಾಗ ಬೇರೆ ದನಿ "ಆಂ?" ಅನ್ನುತ್ತದೆ. ಪ್ರತಿ ಸಲವೂ ಒಂದು ಗಳಿಗೆ ನಿಮ್ಮದೇ ಬರುತ್ತದೆ ಅಂತ ಕಾಯುತ್ತೇನೆ.

ಇನ್ನೊಂದು ಪುಸ್ತಕ ಕಳಿಸಿ.

ಲಾವಣ್ಯ


ಮೇಲೂರು
4 ಆಗಸ್ಟ್ 2024

ಲಾವಣ್ಯಾ,

ಈ ಸಲ ಕಳಿಸಿರುವ ಕಾದಂಬರಿ ಬರೆದವನಿಗೆ ಸೊಸೆ ಇಲ್ಲ. ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಚಿಕ್ಕ ವಯಸ್ಸಿಗೇ ಗಂಡ ಸತ್ತವಳು. ಎಲ್ಲರೂ ಇನ್ನೊಂದು ಮದುವೆ ಆಗು ಅನ್ನುತ್ತಾರೆ. ಅವಳು ಅತ್ತೆಯ ಕೈ ಹಿಡಿದುಕೊಂಡು "ನಿಮ್ಮನ್ನು ಬಿಟ್ಟು ಹೋಗಲ್ಲ" ಅನ್ನುತ್ತಾಳೆ. ಅತ್ತೆ ಮುದುಕಿ ಸುಮ್ಮನೆ ತಲೆ ಸವರುತ್ತಾಳೆ. ಇಬ್ಬರೂ ಹಾಗೇ ಮುದುಕಿಯರಾಗುತ್ತಾರೆ. ಕೊನೇ ಪುಟದಲ್ಲಿ ಊರಿಗೆ ಊರೇ ಬಂದು ಸೊಸೆಯ ಕಾಲಿಗೆ ಬೀಳುತ್ತದೆ. ಓದಿ ಎಸೆದೆ. ನೀರಿನ ಡ್ರಮ್ಮಿಗೆ ಬಡಿದು ಪುಸ್ತಕದ ಬೆನ್ನು ಕಿತ್ತುಹೋಯಿತು. ಮಕ್ಕಳಿಗೆ ಚಿತ್ರ ಅಂಟಿಸುವ ಗೋಂದು ತಂದು ಅಂಟಿಸಿದ್ದೇನೆ, ಹುಷಾರಾಗಿ ತೆಗೆ.

ಎಸೆದವಳು ಮತ್ತೆ ಎತ್ತಿಕೊಂಡೆ ಕಣೇ. ಅವರಿಬ್ಬರೂ ಜಗಲಿಯಲ್ಲಿ ಹಿಂದೆ ಮುಂದೆ ಕೂತು ತಲೆ ಬಾಚಿಕೊಳ್ಳುವ ಒಂದು ಪುಟ ಇದೆ. ಅದನ್ನೇ ಮತ್ತೆ ಮತ್ತೆ ಓದಿದೆ. ಆಸೆಯಾಯಿತು. ನೀನೂ ಇಲ್ಲೇ ಇದ್ದಿದ್ದರೆ, ಬೆನ್ನು ನೋವು ಅಂತ ನಾನು ಗೊಣಗಿದ್ದರೆ, "ಮೊದ್ಲು ಕೂತ್ಕೊಳ್ಳಿ ಅತ್ತೆ" ಅಂತ ನೀನು ರೇಗಿದ್ದರೆ ಅಂತ. ಕಳಿಸಬೇಕು ಅಂತ ಹಟ ಹಿಡಿದವಳೂ ನಾನೇ. ಇನ್ನೊಂದು ಸಲ ಅಂಥ ದಿನ ಬಂದರೂ ಕಳಿಸಿಯೇ ಕಳಿಸುತ್ತೇನೆ. ನಿನಗೆ ಇಪ್ಪತ್ತೇಳು, ನನ್ನ ಬೆನ್ನು ಉಜ್ಜುವುದಕ್ಕೆ ನಿನ್ನನ್ನು ಇಟ್ಟುಕೊಳ್ಳಬೇಕಿತ್ತಾ? ಆದರೂ ಆಸೆಗೆ ಬುದ್ಧಿ ಇಲ್ಲ.

ನೀನು ಓದು. ಆ ಮನೆಯಲ್ಲಿ ಮಾತ್ರ ಇದನ್ನು ಗಟ್ಟಿಯಾಗಿ ಓದಬೇಡ.

ಗಂಗುಲಮ್ಮ


ಗೌರಿಬಿದನೂರು
1 ಸೆಪ್ಟೆಂಬರ್ 2024

ಅತ್ತೆ,

ಆ ಕಾದಂಬರಿ ಇನ್ನೂ ಸ್ವಲ್ಪ ದಿನ ನನ್ನ ಹತ್ತಿರ ಇರಲಿ. ಲೈಬ್ರರಿಯವನಿಗೆ ಏನಾದರೂ ಹೇಳಿ.

ಇದರ ಜೊತೆ ಒಂದು ತೆಳ್ಳನೆಯ ಪುಸ್ತಕ ಇಟ್ಟಿದ್ದೇನೆ. ಲೈಬ್ರರಿಯದಲ್ಲ, ನಾನೇ ಕೊಂಡದ್ದು. ಪೂರ್ತಿ ಓದಿ. ಓದಿ ಏನನ್ನಿಸಿತು ಅಂತ ತಪ್ಪದೆ ಬರೆಯಿರಿ. ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.

ಲಾವಣ್ಯ


ಮೇಲೂರು
15 ಸೆಪ್ಟೆಂಬರ್ 2024

ಲಾವಣ್ಯಾ,

ನೀನು ಕಳಿಸಿದ ಬಸುರಿ ಬಾಣಂತಿ ಪುಸ್ತಕ ಓದಿದೆ. ಉಪ್ಪಿಲ್ಲ, ಹುಳಿಯಿಲ್ಲ. ಕಥೆಯೇ ಇಲ್ಲದ ಪುಸ್ತಕವನ್ನು ದುಡ್ಡು ಕೊಟ್ಟು ಯಾಕೆ ತಂದೆ? ಬರೆದವರು ಡಾಕ್ಟರಂತೆ, ಹಿಂದಿನ ಫೋಟೋ ನೋಡಿದರೆ ಮೀಸೆ ಇದೆ. ವಾಕರಿಕೆ ಬಂದರೆ ಬಿಸ್ಕತ್ತು ತಿನ್ನಿ ಅಂತ ಬರೆದಿದ್ದಾರೆ. ನಾಲ್ಕು ಕಾಳು ಹುರಿಗಡಲೆ ಬಾಯಿಗೆ ಹಾಕಿಕೊಂಡರೆ ಆಗುವುದಿಲ್ಲವಾ? ಬಾಣಂತಿಗೆ ಎಣ್ಣೆನೀರು ಹಾಕುವುದಕ್ಕೆ ಬರೀ ಅರ್ಧ ಪುಟ! ನೀರು ಎಷ್ಟು ಬಿಸಿ ಇರಬೇಕು ಅಂತ ಇದೆ, ಹಾಕುವವರು ಯಾರಾಗಿರಬೇಕು ಅಂತ ಇಲ್ಲ. ಅದೇ ತಾನೆ ಮುಖ್ಯ? ಬಾಣಂತಿಯನ್ನು ಬೈದು ತಿನ್ನಿಸುವವರು, ಬೈದು ಮಲಗಿಸುವವರು ಬೇಕು. ನಮ್ಮ ಇಲಾಖೆಯ ಚಾರ್ಟು ಇದಕ್ಕಿಂತ ವಾಸಿ, ಅದರಲ್ಲಿ ಬಣ್ಣವಾದರೂ ಇದೆ.

ನಿಮ್ಮ ಶಾಲೆಯಲ್ಲಿ ಭಾಷಣಕ್ಕೆ ಬೇಕಿತ್ತೇನೋ. ವಾಪಸ್ ಕೇಳಿಲ್ಲವಾದ್ದರಿಂದ ತಾಯಂದಿರ ಸಭೆಯಲ್ಲಿ ನಮ್ಮ ಹಿಂದಿನ ಬೀದಿಯ ತನುಜಳಿಗೆ ಕೊಟ್ಟುಬಿಟ್ಟೆ. ಅವಳಿಗೆ ಈಗ ಐದು ತಿಂಗಳು, ಉಪಯೋಗಕ್ಕೆ ಬರಲಿ.

ಮುಂದಿನ ಸಲ ಕಥೆ ಇರುವುದನ್ನು ಕಳಿಸು ತಾಯಿ.

ಗಂಗುಲಮ್ಮ


ಮೇಲೂರು
17 ನವೆಂಬರ್ 2024

ಲಾವಣ್ಯಾ,

ಎರಡು ಪುಸ್ತಕ ಕಳಿಸಿದೆ, ಎರಡಕ್ಕೂ ನಿನ್ನಿಂದ ಒಂದಕ್ಷರ ಇಲ್ಲ. ಹೊಸ ಮನೆಯಲ್ಲಿ ಹೊಂದಿಕೊಂಡಳು, ನನ್ನನ್ನು ಮರೆತಳು, ಒಳ್ಳೆಯದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಅನ್ನ ಇಳಿಯಲಿಲ್ಲ. ನಿನ್ನೆ ಬಯ್ಯಪ್ಪನನ್ನು ಹಿಡಿದು ಕೇಳಿದೆ, "ಪುಸ್ತಕ ಅವಳ ಕೈಗೇ ಕೊಡ್ತಿದ್ದೀಯೇನಪ್ಪಾ?" ಅಂತ.

"ಆಯಮ್ಮ ಬರ್ತಿಲ್ಲಕ್ಕಾ, ಅವರ ಯಜಮಾನ್ರು ಬಂದು ಇಸ್ಕೊಂಡೋಗ್ತಾರೆ. ಸ್ಕೂಲು ಬಿಟ್ರೆ ಬೇರೆಲ್ಲೂ ಓಡಾಡಬಾರ್ದು ಅಂದವ್ರಂತೆ ಡಾಕ್ಟ್ರು. ಆರು ತಿಂಗ್ಳಲ್ವಾ? ನಿಮಗ್ಗೊತ್ತಿಲ್ವಾ?"

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಹೆಣ್ಣುಮಕ್ಕಳ ನಡಿಗೆ ನೋಡಿಯೇ ಎಷ್ಟು ತಿಂಗಳು ಅಂತ ಹೇಳುವವಳು ನಾನು. ಊರಿನ ಬಸುರಿಯರ ಹೆಸರನ್ನೆಲ್ಲ ಬರೆಸುವವಳು ನಾನು. ನನ್ನ ಕೈಗೇ ನೀನು ಬಸುರಿ ಪುಸ್ತಕ ಇಟ್ಟೆ, ನಾನು ಉಪ್ಪು ಹುಳಿ ನೋಡುತ್ತಾ ಕೂತೆ! ಮಂಕುಬೂದಿ ಎರಚಿದ ಹಾಗಿತ್ತು ನನಗೆ. ಮನೆಗೆ ಬಂದವಳೇ ತನುಜಳ ಹತ್ತಿರ ಹೋಗಿ, "ಕೊಡಮ್ಮಾ ಇಲ್ಲಿ, ಅದು ನಮ್ ಹುಡ್ಗೀದು" ಅಂತ ಕೊಟ್ಟ ಪುಸ್ತಕವನ್ನು ಕಿತ್ತುಕೊಂಡು ಬಂದೆ. ಅವಳು ಏನಂದುಕೊಂಡಳೋ.

ಖುಷಿಯಾಯಿತು ಕಣಮ್ಮಾ. ಸುಳ್ಳು ಯಾಕೆ ಹೇಳಲಿ, ಇದು ನನ್ನ ವೇಣುದಾಗಿದ್ದರೆ ಅಂತ ಒಂದು ಸಲ ಅನ್ನಿಸಿಯೇ ಅನ್ನಿಸಿತು. ಆಮೇಲೆ, ಮಗು ಯಾರದಾದರೇನು ಬಸುರಿ ನಮ್ಮವಳು ಅಂದುಕೊಂಡೆ.

ಬಾಣಂತನ ಎಲ್ಲಿ? ಯಾರು ಮಾಡುತ್ತಾರೆ? ಅದನ್ನು ಬರೆ.

ಗಂಗುಲಮ್ಮ


ಗೌರಿಬಿದನೂರು
24 ನವೆಂಬರ್ 2024

ಅತ್ತೆ,

ಪುಸ್ತಕವನ್ನು ತನುಜಳಿಗೆ ಕೊಟ್ಟೆ ಅಂತ ನೀವು ಬರೆದದ್ದನ್ನು ಓದಿ ತುಂಬ ಅತ್ತುಬಿಟ್ಟೆ. ನಿಮಗೆ ಗೊತ್ತಾಗದೆ ಇರುತ್ತದಾ ಅಂದುಕೊಂಡೆ. ಗೊತ್ತಾಗಿಯೂ ಗೊತ್ತಿಲ್ಲದವರ ಹಾಗೆ ಬರೆದಿದ್ದಾರೆ, ಈ ಮಗುವಿನ ಸುದ್ದಿ ಅವರಿಗೆ ಬೇಡ ಅಂತ ಅದರ ಅರ್ಥ ಅಂದುಕೊಂಡೆ. ಅದಕ್ಕೇ ಬರೆಯಲಿಲ್ಲ.

ನೀವು ಕಳಿಸಿದ ಹಿಮಾಲಯದ ಪುಸ್ತಕ ಓದಿದೆ. ಹತ್ತಿದ್ದನ್ನು ಇನ್ನೂರು ಪುಟ ಬರೆದಿದ್ದಾನೆ. ಇಳಿದು ಮನೆಗೆ ಬಂದದ್ದಕ್ಕೆ ಎರಡೇ ಸಾಲು. ಅವನು ಬಾಗಿಲು ತಟ್ಟಿದಾಗ ಯಾರು ತೆಗೆದರು, ಏನಂದರು, ಅದೇನೂ ಇಲ್ಲ. ನನಗೆ ಬೇಕಾದದ್ದು ಅದೇ ಆಗಿತ್ತು.

ನನಗೆ ಅಮ್ಮ ಇಲ್ಲ ಅಂತ ನಿಮಗೆ ಗೊತ್ತು. ಅಣ್ಣ ಹೊಸೂರಿನಲ್ಲಿ ಒಂದೇ ರೂಮಿನಲ್ಲಿದ್ದಾನೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ತವರಿನವರೇ ಬಂದು ಕರೆಯಬೇಕು, ಕರೆಯದೆ ಹೋಗಬಾರದು ಅನ್ನುತ್ತಾರೆ ಇಲ್ಲಿನ ಅತ್ತೆ. "ಕರೆಯೋರಿಲ್ದಿದ್ರೆ ನಾನೇ ಮಾಡ್ತೀನಿ ಬಿಡಮ್ಮಾ" ಅಂತಲೂ ಅಂದರು. ಒಳ್ಳೆಯವರು. ಆದರೆ ನನಗೆ ಎಲ್ಲಿಗೆ ಹೋಗಬೇಕು ಅಂತ ಆಸೆ ಅನ್ನುವುದನ್ನು ಬರೆಯುವುದಿಲ್ಲ. ಬರೆದರೆ ಕೇಳಿದ ಹಾಗಾಗುತ್ತದೆ. ಕೇಳಿ ಹೋಗುವುದು ತವರಲ್ಲ.

ಲಾವಣ್ಯ


ಮೇಲೂರು
9 ಡಿಸೆಂಬರ್ 2024

ಲಾವಣ್ಯಾ,

ನಾನು ಬಂದು ಹೋದದ್ದು ನಿನಗೆ ಗೊತ್ತಾಗಿರುತ್ತದೆ. ನೀನು ಶಾಲೆಯಲ್ಲಿದ್ದೆ. ನೀನಿಲ್ಲದ ಹೊತ್ತು ನೋಡಿಯೇ ಬಂದೆ, ಅವರು ಕಳಿಸಲ್ಲ ಅಂದರೆ ಆ ಮಾತು ನಿನ್ನ ಕಿವಿಗೆ ಬೀಳುವುದು ಬೇಡ ಅಂತ. ಒಳ್ಳೆಯದೇ ಮಾಡಿದೆ.

ಹೂವು, ಹಣ್ಣು ಇಟ್ಟು, "ಹುಡ್ಗೀನ ಬಾಣಂತನಕ್ಕೆ ಕರ್ಕೊಂಡೋಗ್ತೀನಿ ಚಿಕ್ಕವೆಂಕಟಮ್ನೋರೆ, ಕೇಳೋಕೆ ಬಂದಿದ್ದೀನಿ" ಅಂದೆ. ಅವರು ಕಾಫಿ ತಂದಿಟ್ಟರು. ಸೆರಗಿನ ತುದಿ ಸುತ್ತುತ್ತಾ ಅಂದರು:

"ತಪ್ಪು ತಿಳ್ಕೋಬೇಡಿ ಟೀಚರಮ್ಮಾ. ನಿಮ್ಮ ನಡುಮನೇಲಿ ಆ ಹುಡುಗನ ಫೋಟೋ ಐತಂತೆ, ಹಾರ ಹಾಕವ್ರಂತೆ. ಅದರ ಕೆಳ್ಗೆ ನನ್ ಮಗನ ಕೂಸು ಮಲಗಿಸ್ಬೇಕಾ? ನನ್ ಕರುಳು ಒಪ್ಪಲ್ಲ. ಫೋಟೋ ತೆಗೀರಿ, ನಾನೇ ಬಂದು ಬಿಟ್ಟೋಗ್ತೀನಿ."

ಅವರ ಮೇಲೆ ನನಗೆ ಕೋಪ ಬರಲಿಲ್ಲ, ಅದೇ ಕಷ್ಟ. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆನೇನೋ. ಕಾಫಿ ಕುಡಿಯದೆ ಎದ್ದು ಬಂದೆ. ಚಿಕ್ಕಬಳ್ಳಾಪುರದ ತನಕ ಕಿಟಕಿಯಾಚೆ ಏನಿತ್ತೋ ನನಗೆ ಕಾಣಲಿಲ್ಲ.

ಮನೆಗೆ ಬಂದು ಹೇಳಿದೆ. ನಿಮ್ಮ ಮಾವ ಹೂಂ ಅನ್ನಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿ ಫೋಟೋಗೆ ಕೈ ಹಾಕಿದರು. "ಮುಟ್ಟಬ್ಯಾಡ!" ಅಂತ ಕಿರುಚಿದೆ. ಮದುವೆಯಾದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ.

ತೆಗೆಯುವುದಿಲ್ಲ ಲಾವಣ್ಯಾ. ಅವನನ್ನು ಒಂದು ಸಲ ಈ ಮನೆಯಿಂದ ಹೊತ್ತುಕೊಂಡು ಹೋದರು, ಇನ್ನೊಂದು ಸಲ ನಾನೇ ಹೊರಗೆ ಹಾಕಲಾರೆ. ನಿನ್ನನ್ನು ಕರೆಯಬೇಕು ಅಂತ ಜೀವ ಒದ್ದಾಡುತ್ತದೆ, ಕರೆಯಲು ಬಂದವಳೇ ಈಗ ಬರಬೇಡ ಅಂತ ಬರೆಯುತ್ತಿದ್ದೇನೆ. ಅಲ್ಲೇ ಇರು. ಆಯಮ್ಮ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಈಚೆಗೆ ಏನೂ ಓದಿಲ್ಲ. ಸಾಲು ಕಣ್ಣಿಗೆ ಬೀಳುತ್ತದೆ, ತಲೆಗೆ ಹತ್ತುವುದಿಲ್ಲ.

ಗಂಗುಲಮ್ಮ


ಗೌರಿಬಿದನೂರು
22 ಡಿಸೆಂಬರ್ 2024

ಅತ್ತೆ,

ಫೋಟೋ ತೆಗೆದ ಮನೆಗೆ ನಾನು ಬರುವುದಿಲ್ಲ. ಇದನ್ನು ಇಲ್ಲಿಯೂ ಹೇಳಿದೆ. ಮಧು ಇದ್ದಾಗಲೇ ಹೇಳಿದೆ. ಅವರು, "ಅಮ್ಮಾ, ಅವರ ಮನೆ ಗೋಡೆ, ಅವರ ಮಗ" ಅಂದರು. ಅಷ್ಟೇ. ಒಂದು ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮಾತಿಲ್ಲದ ಸಂಜೆ ಕಳೆಯಲಾರದೆ, ನೀವು ಗಟ್ಟಿಯಾಗಿ ಓದಬೇಡ ಅಂದಿದ್ದ ಕಾದಂಬರಿ ತೆಗೆದು ಗಟ್ಟಿಯಾಗಿಯೇ ಓದಿದೆ. ಅವರು ದೂರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ದಿನಾ ಅಷ್ಟಷ್ಟು ಹತ್ತಿರ ಬಂದರು. ತಲೆ ಬಾಚುವ ಪುಟವನ್ನು ನಿಲ್ಲಿಸಿ ನಿಲ್ಲಿಸಿ ಓದಿದೆ. ಕೊನೆಯಲ್ಲಿ ಊರೆಲ್ಲ ಸೊಸೆಯ ಕಾಲಿಗೆ ಬೀಳುವಾಗ ಅವರೂ ಕಣ್ಣೊರೆಸುತ್ತಾರೆ ಅಂದುಕೊಂಡರೆ, ಮೊರವನ್ನು ದಬ್ಬಿದರು.

"ಆ ಮುದುಕಿ ಒಳ್ಳೇಳಲ್ಲ ಕಣಮ್ಮಾ."

"ಯಾಕತ್ತೆ? ಊರೋರೆಲ್ಲ ಹೊಗಳ್ತಾರಲ್ಲ."

"ಹೊಗಳ್ತಾರೆ, ಅವರದೇನು ಗಂಟು ಹೋಗ್ತದೆ? ಸಾಯೋಗಂಟ ಆ ಹುಡ್ಗಿ ಕೈಲಿ ನೀರು ಕಾಯಿಸ್ಕೊಂಡು ಹುಯ್ಕೊಂಡ್ಲು ಮುದುಕಿ. ಪ್ರೀತಿ ಇದ್ದಿದ್ರೆ ಕಳಿಸ್ತಿದ್ಲು. ನಿಮ್ ಮೇಲೂರೋಳು ಕಳಿಸಿದ್ಲಲ್ಲ!"

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ಎದ್ದು ಹೋಗಿ ಕೋಳಿಗೆ ಕಾಳು ಹಾಕಿ ಬಂದರು. "ಕಳಿಸಿದೋಳು ಕೇಳೋಕೆ ಬಂದ್ಲು. ನಾನು ಬಾಯಿಗೆ ಬಂದಂಗೆ ಅಂದೆ. ಅಯ್ಯೋ ದೇವುಡಾ" ಅಂತ ಒಬ್ಬರೇ ಅಂದುಕೊಂಡರು. ಮಾರನೇ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ಇದು:

"ಫೋಟೋ ಇರ್ಲಿ. ಹಾರ ಒಂದು ತೆಗೀಲಿ ಅನ್ನು. ಹಾರ ಹಾಕಿದ್ರೆ ಸತ್ತೋನು. ತೆಗೆದ್ರೆ ಆ ಮನೇಲಿ ಒಬ್ಬ ಮಗ ಅವ್ನೆ ಅಂತ ಆಯ್ತದೆ. ಮಗ ಇರೋ ಮನೇಗೆ ಕೂಸು ಹೋದ್ರೆ ತಪ್ಪೇನು?"

ತೆಗೆಯಿರಿ ಅಂತ ನಾನು ಹೇಳುವುದಿಲ್ಲ ಅತ್ತೆ. ನಿಮ್ಮ ಮನಸ್ಸು ಒಪ್ಪಿದರೆ ಮಾತ್ರ.

ಲಾವಣ್ಯ


ಮೇಲೂರು
29 ಡಿಸೆಂಬರ್ 2024

ಲಾವಣ್ಯಾ,

ನಿನ್ನ ಕಾಗದ ಬಂದು ಎರಡು ದಿನ ಆ ಫೋಟೋ ಕಡೆ ನೋಡಲೇ ಇಲ್ಲ. ಇವತ್ತು ಬೆಳಿಗ್ಗೆ ನಾನೇ ಸ್ಟೂಲು ಹತ್ತಿದೆ. ನಿಮ್ಮ ಮಾವ ಸ್ಟೂಲು ಹಿಡಿದುಕೊಂಡರು. ಗಂಧದ ಹಾರ ಪುಡಿಪುಡಿಯಾಗಿತ್ತು, ಎತ್ತಿದರೆ ಉದುರಿತು. ಅದರ ಹಿಂದೆ ಅವನ ನೀಲಿ ಅಂಗಿಯ ಕಾಲರು, ನೀನು ಚಿಂತಾಮಣಿಯಿಂದ ತಂದಿದ್ದೆಯಲ್ಲ, ಅದೇ. ಒಂದು ಗುಂಡಿ ಹಾಕಿಕೊಂಡಿಲ್ಲ ನೋಡು, ಯಾವಾಗಲೂ ಅಷ್ಟೇ ಅವನು. ಇಷ್ಟು ದಿನ ಹಾರ ಮುಚ್ಚಿಕೊಂಡಿತ್ತು.

"ಈಗ ಮನೇಗೆ ಬಂದಂಗವ್ನೆ" ಅಂದರು ನಿಮ್ಮ ಮಾವ. ಇಬ್ಬರೂ ಕೂತು ಅತ್ತುಬಿಟ್ಟೆವು.

ಬರುವ ಭಾನುವಾರ ಕರೆಯಲು ಬರುತ್ತೇನೆ. ಏಳನೇ ತಿಂಗಳಲ್ಲೇ ಕರೆದುಕೊಂಡು ಬರಬೇಕು, ಎಂಟಕ್ಕೆ ಬೀಳಬಾರದು. ಸ್ವೆಟರು ಇಟ್ಟುಕೋ, ಮೇಲೂರಿನ ಚಳಿ ಮರೆತಿರುತ್ತೀಯ.

ಗಂಗುಲಮ್ಮ


ಮೇಲೂರು
11 ಜೂನ್ 2025

ಚಿಕ್ಕವೆಂಕಟಮ್ಮನವರಿಗೆ,

ಏನಂತ ಕರೆದು ಬರೆಯಬೇಕೋ ತೋಚದೆ ಹೆಸರು ಹಿಡಿದು ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ನಿಮ್ಮ ಮಗ ಓದಿ ಹೇಳಬೇಕು. ಮಧುಸೂದನ್, ನಡುನಡುವೆ ಬಿಟ್ಟು ಓದಬೇಡಪ್ಪ.

ತಾಯಿ ಮಗು ಈಗ ತಲುಪಿರುತ್ತಾರೆ. ಕೂಸಿಗೆ ಎಡಮಗ್ಗುಲಿಗೆ ಮಲಗಿಸಿದರೆ ಮಾತ್ರ ನಿದ್ದೆ. ತಾಯಿ ಗಟ್ಟಿಯಾಗಿ ಓದಿದರೆ ಅಳು ನಿಲ್ಲಿಸುತ್ತಾಳೆ, ಅವಳ ಅಜ್ಜಿ ಥರ. ನೀವು ಫೋನಿನಲ್ಲಿ ಕೇಳಿದಿರಲ್ಲ, ಲಾವಣ್ಯ ಅರ್ಧ ಓದಿ ಹೇಳಿದ್ದ ಆ ಪತ್ತೇದಾರಿ ಕಥೆಯಲ್ಲಿ ಕೊಲೆ ಮಾಡಿದ್ದು ಯಾರು ಅಂತ. ನಾನು ಹೇಳುವುದಿಲ್ಲ. ಪುಸ್ತಕ ಚೀಲದಲ್ಲಿದೆ, ಓದಿಸಿಕೊಳ್ಳಿ. ನನಗೆ ಅಡುಗೆಯವನ ಮೇಲೆ ಅನುಮಾನ ಇತ್ತು, ಅಷ್ಟು ಮಾತ್ರ ಹೇಳುತ್ತೇನೆ.

ಐದು ತಿಂಗಳು ಮನೆ ತುಂಬಿತ್ತು. ಹಗ್ಗದ ತುಂಬ ಒಣಹಾಕಿದ ಬಟ್ಟೆ, ಹಿತ್ತಿಲ ತುಂಬ ಸಾಂಬ್ರಾಣಿ ಹೊಗೆ. ಈಗ ಹಗ್ಗ ಖಾಲಿ. ಅದನ್ನು ನೋಡಲಾರದೆ ಅಂಗನವಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಹಿಂದಿನ ಸಲ ಅವಳನ್ನು ನಿಮ್ಮ ಮನೆಗೆ ಕಳಿಸಿದಾಗ ನಾನು ಮಡಿಲಕ್ಕಿ ತುಂಬಿರಲಿಲ್ಲ. ಅದು ಹೆತ್ತವಳು ಮಾಡುವ ಕೆಲಸ, ಅತ್ತೆಗೆ ಆ ಪದ್ಧತಿ ಇಲ್ಲ. ಚೀಲ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಿದ್ದೆ. ಹಾಗೆ ಹೋದವಳನ್ನು ಹಬ್ಬಕ್ಕೆ ಬಾ ಅಂತ ಕರೆಯುವ ಹಕ್ಕು ನನಗೆಲ್ಲಿತ್ತು? ಪುಸ್ತಕ ಕಳಿಸಿಕೊಂಡು ಕೂತಿದ್ದೆ.

ಇವತ್ತು ತುಂಬಿದೆ. ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ. ತುಂಬಿಸಿಕೊಂಡ ಮಗಳು ತವರು ಬರಿದಾಗದಿರಲಿ ಅಂತ ಹೊರಡುವಾಗ ಒಂದು ಹಿಡಿ ಅಕ್ಕಿಯನ್ನು ತಾಯಿಯ ಸೆರಗಿಗೆ ವಾಪಸ್ ಹಾಕಬೇಕು. ತಾಯಿಯನ್ನೇ ಕಾಣದ ಹುಡುಗಿ, ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ, ನಾನೂ ಬಾಯಿಬಿಟ್ಟು ಹೇಳಲಿಲ್ಲ. ಹೊಸಿಲು ದಾಟಿದವಳು ತಿರುಗಿ ಬಂದು, ನನ್ನ ಸೆರಗನ್ನು ತಾನೇ ಹಿಡಿದು, ಎರಡೂ ಕೈ ತುಂಬ ಹಾಕಿದಳು.

ಹಬ್ಬಕ್ಕೆ ಕರೆಯಲು ಬರುತ್ತೇನೆ. ನನ್ನ ಮಗಳನ್ನು ಕಳಿಸಿಕೊಡಿ.

ನಿಮ್ಮ ಬೀಗತಿ
ಗಂಗುಲಮ್ಮ